ಶಾಸ್ತ್ರಾಧ್ಯಯನಕ್ಕೆ ಎರಡು ದ್ವಾರಗಳು

(ದಹಿಸರ್ ಶಾಖಾಮಠದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸ)

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥



ಶ್ರೀಮದಾಚಾರ್ಯರು (1238–1317) ಅನುಗ್ರಹಿಸಿದ ಮೂವತ್ತೇಳು ಗ್ರಂಥಗಳಿಗೆ ಸರ್ವಮೂಲವೆಂದು ಹೆಸರು. ಅವುಗಳಲ್ಲೊಂದಾದ ಅನುವ್ಯಾಖ್ಯಾನಕ್ಕೆ ಶ್ರೀ ಜಯತೀರ್ಥರು ರಚಿಸಿದ ಟೀಕೆಯೇ ಶ್ರೀಮನ್ನ್ಯಾಯಸುಧಾ. ಈ ಹೆಸರುಗಳನ್ನು ಕೇಳದ ಮಾಧ್ವಗೃಹವಿಲ್ಲ. ಆದರೆ ಮನೆಯ ಮಗನೊಬ್ಬನು ಇವನ್ನೇ ಓದುವೆನೆಂದು ಹೊರಟರೆ, ತಂದೆತಾಯಿಗಳಿಗೆ ಹೆಮ್ಮೆಗಿಂತ ಮೊದಲು ಆತಂಕ ಉಂಟಾಗುತ್ತದೆ. ಓದಿದ ಮೇಲೆ ಜೀವನಕ್ಕೆ ದಾರಿ ಯಾವುದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಮಾಹಿತಿಯಿಂದ ಉತ್ತರ ಕೊಡದೆ, ಶಾಸ್ತ್ರ ಉಳಿಯಬೇಕೆಂದು ವೇದಿಕೆಯಿಂದ ಹೇಳಿದರೆ ಪ್ರಯೋಜನವಾಗದು.

ದ್ವೈತಶಾಸ್ತ್ರವು ವಾದದಲ್ಲಿ ಬೆಳೆದ ಶಾಸ್ತ್ರ. ಕಾಸರಗೋಡಿನ ಪ್ರಾಂತದ ಮಹಾಪಂಡಿತರಾದ ತ್ರಿವಿಕ್ರಮ ಪಂಡಿತಾಚಾರ್ಯರು ಶ್ರೀಮದಾಚಾರ್ಯರೊಡನೆ ದಿನಗಟ್ಟಲೆ ವಾದ ಮಾಡಿದ ನಂತರವೇ ಶಿಷ್ಯರಾದರು, ತತ್ತ್ವಪ್ರದೀಪವನ್ನು ರಚಿಸಿದರು. ವಿಜಯನಗರದ ಕಾಲದಲ್ಲಿ ಶ್ರೀ ವ್ಯಾಸತೀರ್ಥರು ನ್ಯಾಯಾಮೃತವನ್ನು ಬರೆದಾಗ, ಅದಕ್ಕೆ ಪ್ರತ್ಯುತ್ತರವಾಗಿ ಮಧುಸೂದನ ಸರಸ್ವತಿಗಳಿಂದ ಅದ್ವೈತಸಿದ್ಧಿ ಬಂತು. ಅದಕ್ಕೆ ರಾಮಾಚಾರ್ಯರ ತರಂಗಿಣಿ ಉತ್ತರವಾಯಿತು. ತರಂಗಿಣಿಗೆ ಬ್ರಹ್ಮಾನಂದರು ಉತ್ತರವಿತ್ತರು. ತಲೆಮಾರುಗಳವರೆಗೆ ನಡೆದ ಈ ಸಂವಾದದಲ್ಲಿ ಪ್ರತಿಯೊಬ್ಬರೂ ಎದುರಾಳಿಯ ಗ್ರಂಥವನ್ನು ಸಾಲುಸಾಲಾಗಿ ಓದಿದ್ದರು. ಮಧ್ಯಯುಗದ ದರ್ಶನವೆಂದು ಇಂದು ಜಗತ್ತು ಅಭ್ಯಸಿಸುತ್ತಿರುವುದು ಇದನ್ನೇ. ಹೆಲ್ಮುಟ್ ಫಾನ್ ಗ್ಲಾಸೆನಾಪ್ ಎಂಬ ಜರ್ಮನ್ ವಿದ್ವಾಂಸರು 1923ರಲ್ಲಿಯೇ ಮಧ್ವಸಿದ್ಧಾಂತದ ಮೇಲೆ ಗ್ರಂಥ ಪ್ರಕಟಿಸಿದ್ದರು. 2016ರಲ್ಲಿ ವೆಲೆರಿ ಸ್ಟೋಕರ್ ಎಂಬ ವಿದುಷಿಯು ಅಮೆರಿಕದಲ್ಲಿ ಶ್ರೀ ವ್ಯಾಸತೀರ್ಥರನ್ನೂ ವಿಜಯನಗರವನ್ನೂ ಕುರಿತು ಗ್ರಂಥ ಹೊರತಂದರು.

ಈ ಅಧ್ಯಯನಕ್ಕೆ ಇಂದು ಎರಡು ದ್ವಾರಗಳಿವೆ. ಮೊದಲನೆಯದು ಗುರುಕುಲ. ಬೆಂಗಳೂರಿನಲ್ಲಿ ಶ್ರೀ ವಿಶ್ವೇಶತೀರ್ಥ ಶ್ರೀಪಾದರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ಮುಂಬಯಿಯಲ್ಲೇ, ಮುಲುಂಡಿನಲ್ಲಿ, ಸತ್ಯಧ್ಯಾನ ವಿದ್ಯಾಪೀಠವಿದೆ. ಇಲ್ಲಿ ವಿದ್ಯಾರ್ಥಿಗಳು ವ್ಯಾಕರಣ, ನ್ಯಾಯಗಳಿಂದ ಮೊದಲ್ಗೊಂಡು ಅನೇಕ ವರ್ಷಗಳ ನಂತರ ನ್ಯಾಯಸುಧೆಯನ್ನು ಮುಗಿಸುತ್ತಾರೆ. ಎರಡನೆಯದು ವಿಶ್ವವಿದ್ಯಾಲಯ. ತಿರುಪತಿಯ ರಾಷ್ಟ್ರೀಯ ಸಂಸ್ಕೃತ ವಿಶ್ವವಿದ್ಯಾಲಯದಲ್ಲಿ ದ್ವೈತವೇದಾಂತಕ್ಕೆ ಪ್ರತ್ಯೇಕ ವಿಭಾಗವಿದೆ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಸಂಸ್ಕೃತ ವಿಭಾಗವಿದೆ. ಗುರುಕುಲದ ಶಾಸ್ತ್ರಪಾಠವು ಪರಂಪರೆಯಿಂದ ಬಾಲಕರಿಗೆ ನಡೆದುಬಂದದ್ದು; ವಿಶ್ವವಿದ್ಯಾಲಯದ ದ್ವಾರವಾದರೋ ಹೆಣ್ಣುಮಕ್ಕಳಿಗೂ ಸಮಾನವಾಗಿ ತೆರೆದಿದೆ. ಮನೆಯಲ್ಲಿ ಸಂಸ್ಕೃತದಲ್ಲಿ ಆಸಕ್ತಿಯಿರುವ ಮಗಳಿದ್ದರೆ ಇದನ್ನು ಮರೆಯಬಾರದು.

ತೊಂದರೆಯಿರುವುದು ಎರಡು ದ್ವಾರಗಳ ನಡುವಿನ ಅಂತರದಲ್ಲಿ. ಗುರುಕುಲದಲ್ಲಿ ಸುಧೆಯನ್ನು ಓದಿದವನಿಗೆ ಸಂಶೋಧನ ಪ್ರಬಂಧ ಬರೆಯುವ ಕ್ರಮ ಅನೇಕ ವೇಳೆ ತಿಳಿದಿರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆಯುವವನಿಗೆ ಸುಧೆಯ ಒಂದು ಪುಟವನ್ನು ಗುರುಮುಖದಿಂದ ಕೇಳುವ ಅವಕಾಶ ದೊರೆತಿರುವುದಿಲ್ಲ. ದಹಿಸರಿನಿಂದ ಮುಲುಂಡಿಗೆ ರೈಲಿನಲ್ಲಿ ಹೋಗುವವರು ದಾದರಿನಲ್ಲಿ ಪಶ್ಚಿಮ ಮಾರ್ಗದಿಂದ ಇಳಿದು ಮಧ್ಯ ಮಾರ್ಗವನ್ನು ಹಿಡಿಯುತ್ತಾರೆ. ಅಂಥದೊಂದು ದಾದರ್ ವಿದ್ಯಾಕ್ಷೇತ್ರಕ್ಕೂ ಬೇಕು.

ಹಾಗೆ ಎರಡು ಮಾರ್ಗಗಳನ್ನು ಕೂಡಿಸಿದ ಮಹನೀಯರು ಈ ನಗರದಲ್ಲೇ ಇದ್ದರು. ಡಾ. ಬಿ.ಎನ್.ಕೆ. ಶರ್ಮ (1909–2005) ಅವರು ಮಾಟುಂಗಾ ರೋಡ್ ನಿಲ್ದಾಣದ ಬಳಿಯ ರುಪಾರೆಲ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ದ್ವೈತವೇದಾಂತ ಮತ್ತು ಅದರ ವಾಙ್ಮಯದ ಇತಿಹಾಸವನ್ನು ಅವರು ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಬರೆದರು. ಅದಕ್ಕೆ 1963ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು. ದೇಶವಿದೇಶಗಳಲ್ಲಿ ಈ ಶಾಸ್ತ್ರವನ್ನು ಅಭ್ಯಸಿಸುವವರು ಇಂದಿಗೂ ಆ ಗ್ರಂಥವನ್ನು ಆಶ್ರಯಿಸುತ್ತಾರೆ.

ಇನ್ನು ತಂದೆತಾಯಿಗಳ ಪ್ರಶ್ನೆಗೆ ಬರೋಣ. ಗುರುಕುಲದ ವಿದ್ಯಾರ್ಥಿಯು ಪಾಠದ ಜೊತೆಗೇ ಮಾನ್ಯತೆ ಪಡೆದ ಸಂಸ್ಕೃತ ವಿಶ್ವವಿದ್ಯಾಲಯದ ಶಾಸ್ತ್ರಿ ಮತ್ತು ಆಚಾರ್ಯ ಪರೀಕ್ಷೆಗಳಿಗೆ ಕೂಡುವುದು ಅತ್ಯವಶ್ಯ. ಆಚಾರ್ಯ ಪದವಿಯು ಎಂ.ಎ.ಗೆ ಸಮಾನ. ಅದಾದ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗದ ‘ನೆಟ್’ ಪರೀಕ್ಷೆಯಲ್ಲಿ ಸಂಸ್ಕೃತದ ಸಾಂಪ್ರದಾಯಿಕ ಶಾಸ್ತ್ರಗಳಿಗೆ ಪ್ರತ್ಯೇಕ ಪ್ರಶ್ನಪತ್ರಿಕೆಯಿದೆ. ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ಅನ್ವಯಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ದೊರೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ ಮೂವತ್ತು ವರ್ಷದ ವಯೋಮಿತಿಯಿದ್ದು, ಮಹಿಳೆಯರಿಗೆ ಸಡಿಲಿಕೆಯಿದೆ. ಪದವಿಯ ಪರೀಕ್ಷೆಗಳನ್ನು ಮುಂದೂಡುತ್ತ ಹೋದ ಪ್ರತಿಭಾವಂತನು ಪಾಠ ಮುಗಿಸಿ ಬರುವಷ್ಟರಲ್ಲಿ ಈ ಬಾಗಿಲು ಮುಚ್ಚಿರುವ ಸಂಭವವುಂಟು. ಭಾರತೀಯ ದಾರ್ಶನಿಕ ಅನುಸಂಧಾನ ಪರಿಷತ್ತೂ ಸಂಶೋಧಕರಿಗೆ ವೇತನಗಳನ್ನು ನೀಡುತ್ತದೆ.

ವಿದ್ವಾಂಸನು ಬೆಳೆಯಲು ವೇತನದಂತೆ ಸಭೆಯೂ ಬೇಕು. ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನವು 1919ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಅದರ 51ನೆಯ ಅಧಿವೇಶನವು 2024ರ ಅಕ್ಟೋಬರ್‌ನಲ್ಲಿ ಉಡುಪಿಯ ಶ್ರೀಕೃಷ್ಣನ ಸನ್ನಿಧಿಯಲ್ಲಿಯೇ ನಡೆಯಿತು. ವಿಶ್ವ ಸಂಸ್ಕೃತ ಸಮ್ಮೇಳನವು 1997ರಲ್ಲಿ ಬೆಂಗಳೂರಿನಲ್ಲಿ, 2025ರಲ್ಲಿ ಕಾಠ್ಮಂಡುವಿನಲ್ಲಿ ಜರುಗಿತು. ಇಂಥ ಸಭೆಗಳಿಗೆ ಪ್ರಬಂಧದ ಸಾರಾಂಶವನ್ನು ತಿಂಗಳುಗಳ ಮೊದಲೇ ಕಳುಹಿಸಬೇಕಾಗುತ್ತದೆ.

ಇವೆಲ್ಲಕ್ಕಿಂತ ಹಳೆಯ ಮಾದರಿಯ ಸಭೆಯೊಂದು ಮಾಧ್ವರಲ್ಲೇ ಇದೆ. ಅದು ಸುಧಾಮಂಗಳ. ನ್ಯಾಯಸುಧೆಯ ಪಾಠವನ್ನು ಮುಗಿಸಿದ ವಿದ್ಯಾರ್ಥಿಯು ವಿದ್ವಾಂಸರ ಪ್ರಶ್ನೆಗಳಿಗೆ ತುಂಬಿದ ಸಭೆಯಲ್ಲಿ ಉತ್ತರ ಹೇಳುತ್ತಾನೆ. ಭಕ್ತರು ಮಂಗಳದ ದಿನ ಪ್ರಸಾದಕ್ಕೆ ಬರುವಂತೆಯೇ ಆ ಪರೀಕ್ಷೆಗೂ ಬಂದು ಕುಳಿತರೆ, ವರ್ಷಗಟ್ಟಲೆ ಮನೆಯಿಂದ ದೂರವಿದ್ದು ಓದಿದ ಹುಡುಗನಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. ವಾದದ ಎಲ್ಲ ಮಾತೂ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಕೇಳುವ ಸಭೆ ಇರುವಲ್ಲಿ ಹೇಳುವವನು ಹುಟ್ಟುತ್ತಾನೆ.

ಪಲ್ಲಕ್ಕಿಗೆ, ಅಲಂಕಾರಕ್ಕೆ, ಅನ್ನಸಂತರ್ಪಣೆಗೆ ಕೈಬಿಚ್ಚಿ ಕೊಡುವ ಭಕ್ತಕುಟುಂಬಗಳು ದಹಿಸರಿನಲ್ಲಿ ಕಡಿಮೆಯಿಲ್ಲ. ಹಲವು ಮನೆಗಳು ಕೂಡಿ ವರ್ಷಕ್ಕೊಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕ, ಪುಸ್ತಕ, ಸಮ್ಮೇಳನದ ಪ್ರಯಾಣ ಇವಿಷ್ಟರ ಹೊಣೆ ಹೊತ್ತರೂ ಸಾಕು. ಅದು ಶ್ರೀಮದಾಚಾರ್ಯರಿಗೆ ಸಲ್ಲುವ ಜ್ಞಾನಸೇವೆ. ಮುಂದಿನ ವಾರ್ಷಿಕೋತ್ಸವದಲ್ಲಿ ಅಂಥ ವಿದ್ಯಾರ್ಥಿಯೊಬ್ಬನು, ಅಥವಾ ವಿದ್ಯಾರ್ಥಿನಿಯೊಬ್ಬಳು, ಇದೇ ವೇದಿಕೆಯಲ್ಲಿ ನಿಂತು ಮಾತನಾಡುವಂತಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥