ಉಸಿರು ಮತ್ತು ರಕ್ತದ ಹುಳಿ
(ರಾಜ್ಯೋತ್ಸವದ ಅಂಗವಾಗಿ ಸಂಘದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಹಾಡು ನಾಟಕಗಳ ನಡುವೆ ರಕ್ತದ ಮಾತೇಕೆ ಎಂದು ತಾವು ಕೇಳಬಹುದು. ಊರು ಬಿಟ್ಟು ಬಂದ ನಾವು ಮನೆಯಲ್ಲಿ ಕನ್ನಡವಾಡುತ್ತೇವೆ. ಕಾಯಿಲೆ ಬಂದಾಗ ಮಾತ್ರ ಬೇರೆ ಭಾಷೆಯ ಡಾಕ್ಟರರ ಮುಂದೆ ನಿಂತು ತಡವರಿಸುತ್ತೇವೆ. ವಿಷಯವು ನಮ್ಮ ಮಾತಿನಲ್ಲಿ ಒಮ್ಮೆ ಮನಸ್ಸಿಗೆ ಹತ್ತಿದರೆ ಯಾವ ಭಾಷೆಯಲ್ಲಾದರೂ ಹೇಳಿಕೊಳ್ಳಬಹುದು. ಆದುದರಿಂದ ಉಸಿರಿಗೂ ರಕ್ತದ ಹುಳಿಗೂ ಇರುವ ನಂಟನ್ನು ಕುರಿತು ನಾಲ್ಕು ಮಾತು.

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳು ಮೈಯೊಳಗೆ ಉರಿದು ಶಕ್ತಿಯಾಗುತ್ತವೆ. ಒಲೆ ಉರಿದರೆ ಹೊಗೆಯೇಳುವಂತೆ ಇಲ್ಲಿಯೂ ಒಂದು ವಾಯು ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್ ಎಂದೂ, ಹಳೆಯ ಪುಸ್ತಕಗಳಲ್ಲಿ ಇಂಗಾಲಾಮ್ಲ ವಾಯುವೆಂದೂ ಅದರ ಹೆಸರು. ಸುಮ್ಮನೆ ಕುಳಿತಿದ್ದರೂ ನಿಮಿಷಕ್ಕೆ ಸುಮಾರು 200 ಮಿಲಿಲೀಟರಿನಷ್ಟು ಹುಟ್ಟುವ ಇದನ್ನು ಶ್ವಾಸಕೋಶಕ್ಕೆ ಹೊತ್ತು ತರುವುದು ರಕ್ತದ ಕೆಲಸ.

ಹೊರುವ ಬಗೆ ಮೂರು. ಗೋಲಿ ಸೋಡಾದ ನೀರಿನಲ್ಲಿ ಕರಗಿರುವುದು ಇದೇ ವಾಯು. ರಕ್ತದಲ್ಲಿಯೂ ಹಾಗೆ ಕರಗಿ ಬರುವ ಪಾಲು ಉಂಟು. ಅದು ನೂರಕ್ಕೆ ಹತ್ತನ್ನು ಮೀರದು. ನೂರಕ್ಕೆ ಇಪ್ಪತ್ತರ ಆಸುಪಾಸು ಕೆಂಪು ಕಣದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಬರುತ್ತದೆ. ಉಳಿದದ್ದು, ಅಂದರೆ ನೂರಕ್ಕೆ ಎಪ್ಪತ್ತರಷ್ಟು, ವೇಷ ಬದಲಿಸಿಕೊಂಡು ಬರುತ್ತದೆ. ಕೆಂಪು ಕಣದಲ್ಲಿರುವ ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವು ವಾಯುವನ್ನು ನೀರಿನೊಡನೆ ಕ್ಷಣಾರ್ಧದಲ್ಲಿ ಕೂಡಿಸುತ್ತದೆ. ಹೀಗೆ ಹುಟ್ಟಿದ ಆಮ್ಲ ಕೂಡಲೇ ಎರಡಾಗಿ ಒಡೆಯುತ್ತದೆ. ಒಂದು ಜಲಜನಕದ ಅಯಾನು, ಹುಳಿಯೆಂಬುದು ಇದರದೇ. ಇನ್ನೊಂದು ಬೈಕಾರ್ಬೊನೇಟು, ಅಡಿಗೆ ಸೋಡಾದಲ್ಲಿರುವುದೇ ಇದು. ಹುಳಿಯ ಬಹುಭಾಗವನ್ನು ಹಿಮೋಗ್ಲೋಬಿನ್ ತನ್ನ ಮಡಿಲಿಗೆ ಹಾಕಿಕೊಳ್ಳುತ್ತದೆ. ಬೈಕಾರ್ಬೊನೇಟು ಕಣದಿಂದ ಹೊರಬಿದ್ದು ರಕ್ತದ ನೀರಿನಲ್ಲಿ ಸಾಗುತ್ತದೆ. ಅದರ ಸ್ಥಾನಕ್ಕೆ ಕ್ಲೋರೈಡು ಒಳಬರುತ್ತದೆ. ಶ್ವಾಸಕೋಶದಲ್ಲಿ ಇದೆಲ್ಲ ಹಿಂದುಮುಂದಾಗಿ ನಡೆದು, ವಾಯು ಮತ್ತೆ ಹುಟ್ಟಿ ಉಸಿರಿನೊಡನೆ ಹೊರಟುಹೋಗುತ್ತದೆ.

ಆರೋಗ್ಯವಂತರ ರಕ್ತದ ಪಿ.ಎಚ್. 7.35ರಿಂದ 7.45ರೊಳಗೆ ಇರುತ್ತದೆ. ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕರಗಿದ ವಾಯು ಒಂದು ಪಾಲಿದ್ದರೆ ಬೈಕಾರ್ಬೊನೇಟು ಇಪ್ಪತ್ತು ಪಾಲು ಇರಬೇಕು. ಆಗ ತಕ್ಕಡಿ ಸರಿ. ಬೈಕಾರ್ಬೊನೇಟಿನ ಲೆಕ್ಕವನ್ನು ಮೂತ್ರಪಿಂಡ ನೋಡಿಕೊಂಡರೆ ವಾಯುವಿನ ಲೆಕ್ಕ ಉಸಿರಿನದು. ಉಸಿರು ಕುಂದಿದರೆ ನಿಮಿಷಗಳಲ್ಲೇ ರಕ್ತಕ್ಕೆ ಹುಳಿಯೇರುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡಕ್ಕೆ ದಿನಗಳೇ ಬೇಕು.

ಈ ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದರೆ ಏನಾಗುವುದೆಂಬುದಕ್ಕೆ ಒಂದು ಸಂಗತಿ ಹೇಳುತ್ತೇವೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಪಿಡುಗು ಎದ್ದಿತು. ಅಲ್ಲಿಯ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಹಚ್ಚಿದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತದಲ್ಲಿ ಒಟ್ಟು ಇಂಗಾಲಾಮ್ಲದ ಅಂಶ ಏರಿತ್ತು. ಅದರ ಹೆಚ್ಚಿನ ಪಾಲು ಬೈಕಾರ್ಬೊನೇಟೇ ಆದುದರಿಂದ, ರಕ್ತದಲ್ಲಿ ಕ್ಷಾರ ಹೆಚ್ಚಿದೆಯೆಂದು ವೈದ್ಯರು ಎಣಿಸಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ನರು ಹಾಗಲ್ಲವೆಂದರು: ಉಸಿರು ಸಾಲದೆ ವಾಯು ಒಳಗೇ ಉಳಿದಿದೆ; ರಕ್ತ ಹುಳಿಯಾಗಿದೆ. ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ನಳಿಕೆಯಿಟ್ಟು, ಚೀಲವೊಂದನ್ನು ಕೈಯಿಂದ ಅದುಮುತ್ತ ಉಸಿರು ಕೊಟ್ಟರು. ತುಂಬಿದ್ದ ವಾಯು ಇಳಿಯಿತು, ಹುಡುಗಿ ಬದುಕಿದಳು. ಪೌಲ್ ಆಸ್ಟ್ರುಪ್ಪರು ಪಿ.ಎಚ್. ಅಳೆದಾಗ ಇಬ್ಸೆನ್ನರ ಮಾತೇ ದಿಟವಾಯಿತು. ಯಂತ್ರಗಳು ಸಾಲದಿದ್ದುದರಿಂದ ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ, ಹಗಲಿರುಳೆನ್ನದೆ, ತಿಂಗಳುಗಟ್ಟಲೆ ಚೀಲ ಅದುಮಿದರು. ಸಾವು ಅರ್ಧದಷ್ಟಕ್ಕೆ ಇಳಿಯಿತು.

ನಮ್ಮ ಮನೆಗಳಲ್ಲಿಯೂ ಹಳೆಯ ದಮ್ಮು, ಶ್ವಾಸಕೋಶದ ಬೇನೆಯುಳ್ಳ ಹಿರಿಯರಿದ್ದಾರೆ. ಅವರಿಗೆ ಬೆಳಿಗ್ಗೆ ತಲೆನೋವು, ಹಗಲಲ್ಲಿ ಮಂಪರು, ಮಾತಿನಲ್ಲಿ ಗಲಿಬಿಲಿ ಕಂಡರೆ “ಪಾಪ, ರಾತ್ರಿ ನಿದ್ದೆಯಿಲ್ಲ, ಮಲಗಲಿ” ಎಂದು ಬಿಡಬಾರದು. ವಾಯು ಒಳಗೆ ನಿಂತಾಗಲೂ ಹೀಗೆಯೇ ಆಗುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ದು, ದಮ್ಮಿನ ಸಂಗತಿಯನ್ನೂ ಮಂಪರಿನ ಸಂಗತಿಯನ್ನೂ ಒಟ್ಟಿಗೆ ಹೇಳಬೇಕು. ಮನೆಯಲ್ಲಿ ಆಮ್ಲಜನಕದ ಸಿಲಿಂಡರಿದ್ದರೆ ಡಾಕ್ಟರು ಹೇಳಿದ ಅಳತೆಯನ್ನು ಮೀರಿ ಹೆಚ್ಚಿಸಬಾರದು. ಇಂಥವರಲ್ಲಿ ಅದರಿಂದ ಇಂಗಾಲಾಮ್ಲ ವಾಯು ಇನ್ನಷ್ಟು ಏರಬಹುದು.

ಉಸಿರು ಒಳಗೆ ಬಂದರೆ ಸಾಲದು, ಹೊರಗೂ ಹೋಗಬೇಕು. ಇಷ್ಟನ್ನು ತಾವು ಮನೆಗೆ ಹೋಗಿ ಹಿರಿಯರಿಗೂ ಮಕ್ಕಳಿಗೂ ಕನ್ನಡದಲ್ಲಿಯೇ ತಿಳಿಸಿದರೆ ನಮ್ಮ ಶ್ರಮ ಸಾರ್ಥಕ.