ಕಿತ್ತು ತೆಗೆಯಬಹುದಾದ ಪ್ರೀತಿ

ನೋಡಿ, ವಿಡಿಯೊ ಗೇಮ್ ಅಂದ್ರೆ ಮಕ್ಕಳಾಟ ಅಂದ್ಕೊಂಡು ಚಾನೆಲ್ ಬದಲಿಸಬೇಡಿ.

'ಓವರ್‌ವಾಚ್' ಎಂಬ ಆಟ ಬಂದದ್ದು 2016ರಲ್ಲಿ. ಡಬ್ಬದ ಮೇಲಿರೋಳು ಟ್ರೇಸರ್. ಇಡೀ ಆಟದ ಮುಖವೇ ಅವಳು. ಅದೇ ಡಿಸೆಂಬರ್‌ನಲ್ಲಿ ಕಂಪನಿ ಒಂದು ಕಾಮಿಕ್ ಹೊರತಂದಿತು. ಅದರಲ್ಲಿ ಟ್ರೇಸರ್ ಉಡುಗೊರೆ ಹುಡುಕಿ ಮನೆಗೆ ಬಂದು, ತನ್ನ ಪ್ರೇಯಸಿ ಎಮಿಲಿಗೆ ಮುತ್ತಿಡುತ್ತಾಳೆ. ಅಷ್ಟೇ ಸ್ವಾಮಿ!

ರಷ್ಯಾದಲ್ಲಿ ಆ ಕಾಮಿಕ್ ಓದಲು ಸಿಗಲಿಲ್ಲ. ಅಪ್ರಾಪ್ತರ ಮುಂದೆ ಸಲಿಂಗ ಸಂಬಂಧದ 'ಪ್ರಚಾರ' ಕೂಡದು ಎನ್ನುವ 2013ರ ಕಾನೂನು ಅಡ್ಡ ಬಂತು. ಆಟ ಮಾತ್ರ ಅಲ್ಲಿ ಎಂದಿನಂತೆ ನಡೀತಿತ್ತು. ಯಾಕೆ? ಅವಳ ಪ್ರೀತಿ ಇದ್ದದ್ದು ಕಾಮಿಕ್‌ನಲ್ಲಿ. ಒಂದು ದೇಶಕ್ಕೆ ಬೇಡ ಅಂದ್ರೆ ಅದನ್ನಷ್ಟೇ ಎತ್ತಿಟ್ಟರಾಯ್ತು, ವ್ಯಾಪಾರಕ್ಕೆ ಧಕ್ಕೆಯಿಲ್ಲ. ಇದನ್ನ ನಾನು ಧೈರ್ಯ ಅನ್ನಲ್ಲ.

2022ರಲ್ಲಿ 'ಸಿಮ್ಸ್ 4' ಆಟದ ಮದುವೆ ಪ್ಯಾಕ್ ಬಂತು. ಮುಖಚಿತ್ರದಲ್ಲೇ ಇಬ್ಬರು ವಧುಗಳು! ರಷ್ಯಾದಲ್ಲಿ ಬಿಡುಗಡೆ ಮಾಡೋದಿಲ್ಲ, ಬದಲಾವಣೆಯನ್ನೂ ಮಾಡೋದಿಲ್ಲ ಅಂತು ಕಂಪನಿ. ಆಟಗಾರರು ಪಟ್ಟು ಹಿಡಿದರು. ಕೊನೆಗೆ ಏನನ್ನೂ ಬದಲಿಸದೆ ಅಲ್ಲೂ ಬಿಡುಗಡೆಯಾಯಿತು. ಗಮನಿಸಿ, ಬೇಕು ಅಂದವರಲ್ಲಿ ಆ ಕಾನೂನಿನಡಿ ಬದುಕುತ್ತಿದ್ದ ರಷ್ಯನ್ನರೂ ಇದ್ದರು.