ಸೂರು ಹೊದಿಸಿದ ಸಿಪಾಯಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಶಾಲೆ ನನಗೇನು ಕೊಟ್ಟಿತು’ ಎಂಬುದು. ನನಗಿಂತ ಮುಂಚೆ ಮಾತಾಡಿದ ನಾಲ್ಕು ಜನ ಶಿಸ್ತು, ಸಂಸ್ಕಾರ, ವಿದ್ಯೆ ಎಲ್ಲವನ್ನೂ ಹೇಳಿ ಮುಗಿಸಿದ್ದಾರೆ. ನನಗೆ ಉಳಿದಿರುವುದು ಒಂದು ಸಿನಿಮಾ. ಈ ಶಾಲೆಯ ಮೈದಾನದಲ್ಲಿ ಒಂದು ರಾತ್ರಿ ನೋಡಿದ ಯುದ್ಧದ ಸಿನಿಮಾ. ಅದರ ಹೆಸರು ಹುಡುಕುವುದಕ್ಕೆ ನನಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆ ಕಥೆಯನ್ನೇ ಹೇಳುತ್ತೇನೆ.

ಅದು 1977ರ ಡಿಸೆಂಬರ್. ನಾನು ಒಂಬತ್ತನೇ ತರಗತಿ. ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ್ದರು, ಚಳಿ ಚೆನ್ನಾಗಿತ್ತು. ಪೇಟೆಯಿಂದ ಒಂದು ವ್ಯಾನು ಬಂತು. ಪ್ರೊಜೆಕ್ಟರು, ಡಬ್ಬಿಯಲ್ಲಿ ರೀಲು, ಒಂದು ಬಿಳಿ ಬಟ್ಟೆ. ಈಗ ಬಿಸಿಯೂಟದ ಕೋಣೆ ಇರುವ ಜಾಗದಲ್ಲಿ ಎರಡು ಬೊಂಬು ನೆಟ್ಟು ಬಟ್ಟೆ ಕಟ್ಟಿದರು. ಊರೆಲ್ಲ ಚಾಪೆ, ಗೋಣಿತಾಟು, ಕಂಬಳಿ ಹೊತ್ತು ಬಂದಿತ್ತು. ಮುಂದೆ ಜಾಗ ಸಾಲದೆ ಅರ್ಧ ಜನ ಪರದೆಯ ಹಿಂದೆ ಕೂತರು. ಹಿಂದೆ ಕೂತವರಿಗೆ ಎಡಗೈ ಬಲಗೈಯಾಗಿ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಓದಲು ಬರುವವರು ಯಾರೂ ಇಲ್ಲದ ಕಾರಣ ಅದು ನೇರವಾಗಿದ್ದರೂ ಒಂದೇ, ತಿರುಗುಮುರುಗಾಗಿದ್ದರೂ ಒಂದೇ. ನಮ್ಮ ಇಂಗ್ಲಿಷ್ ಮೇಷ್ಟ್ರು ಪ್ರೊಜೆಕ್ಟರಿನ ಪಕ್ಕ ಕುರ್ಚಿ ಹಾಕಿಕೊಂಡು, ಮೈಕು ಹಿಡಿದು, ಆ ಅಕ್ಷರಗಳನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು. ಒಬ್ಬ ಎಳೆಯ ಸಿಪಾಯಿ, ಮೀಸೆಯೇ ಬಂದಿಲ್ಲ. ಅವನಿಗೆ ಬಹುಮಾನವಾಗಿ ರಜೆ ಸಿಗುತ್ತದೆ. ಎರಡು ಅಚ್ಚು ಬೆಲ್ಲ ಇಟ್ಟುಕೊಂಡು ಊರಿಗೆ ಹೊರಡುತ್ತಾನೆ. ಗೂಡ್ಸ್ ರೈಲಿನಲ್ಲಿ ಹುಲ್ಲಿನ ಹೊರೆಗಳ ನಡುವೆ ಒಬ್ಬ ಹುಡುಗಿ ಇರುತ್ತಾಳೆ. ಕೊನೆಗೆ ಊರಿಗೆ ಬರುತ್ತಾನೆ, ತಾಯಿ ಬೆಳೆದು ನಿಂತ ಹೊಲದ ನಡುವೆ ಓಡಿಬರುತ್ತಾಳೆ. ಆಮೇಲೆ ಅವನು ಮನೆಯ ಮೇಲೆ ಹತ್ತಿ ಸೋರುವ ಸೂರನ್ನು ಸರಿಮಾಡುತ್ತಾನೆ, ಕೆಳಗೆ ತಾಯಿ ಏಣಿ ಹಿಡಿದು ನಿಂತಿರುತ್ತಾಳೆ. ಈ ಕೊನೆಯ ಚಿತ್ರ ನನಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಆಕೆಯ ತಲೆಯ ಮೇಲಿನ ಸೆರಗು ಗಾಳಿಗೆ ಹಾರುವುದೂ ಕಾಣುತ್ತಿತ್ತು.

ಇನ್ನೊಂದು ಸಂಗತಿಯೂ ನೆನಪಿತ್ತು. ಆದರೆ ಅದನ್ನು ನಾನು ಸಿನಿಮಾದ ಲೆಕ್ಕಕ್ಕೆ ಸೇರಿಸಿರಲಿಲ್ಲ. ಶುರುವಿನಲ್ಲೇ ಒಂದು ಟ್ಯಾಂಕು ಆ ಹುಡುಗನನ್ನು ಅಟ್ಟಿಸಿಕೊಂಡು ಬರುವಾಗ ಚಿತ್ರ ಇದ್ದಕ್ಕಿದ್ದ ಹಾಗೆ ತಲೆಕೆಳಗಾಯಿತು. ನೆಲ ಮೇಲೆ, ಆಕಾಶ ಕೆಳಗೆ. ‘ಉಲ್ಟಾ! ಉಲ್ಟಾ!’ ಎಂದು ಮೈದಾನವೆಲ್ಲ ಕೂಗಿತು, ಶಿಳ್ಳೆ ಹೊಡೆಯಿತು. ಆಪರೇಟರ್ ಗಾಬರಿಯಾಗಿ ಮಿಷನ್ನಿಗೆ ಕೈ ಹಾಕಿದ, ಅಷ್ಟರಲ್ಲಿ ಸರಿಯಾಯಿತು. ಅವನೇ ಸರಿಮಾಡಿದನೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವನೂ ಸುಮ್ಮನಿದ್ದ ಅನ್ನಿ.

ಮುಂದೆ ನೌಕರಿ ಸಿಕ್ಕಿ ಬೆಂಗಳೂರಿಗೆ ಹೋದೆ. ಸಿನಿಮಾ ಬಲ್ಲವರು ಸಿಕ್ಕಿದಾಗಲೆಲ್ಲ ಈ ಕಥೆ ಹೇಳಿ ಹೆಸರು ಕೇಳುವುದು ಒಂದು ಚಾಳಿಯಾಯಿತು. ಆಫೀಸಿನಲ್ಲಿ ಒಬ್ಬರು ‘ಅದು ಹಕೀಕತ್ ಕಣ್ರೀ’ ಎಂದರು. 1964ರ ಹಿಂದಿ ಸಿನಿಮಾ, ಚೇತನ್ ಆನಂದ್ ಅವರದು, ಚೀನಾ ಯುದ್ಧದ ಕಥೆ. ಒಳ್ಳೆಯ ಸಿನಿಮಾ. ಆದರೆ ಅದರಲ್ಲಿರುವುದು ಲಡಾಖಿನ ಬೆಟ್ಟ, ಹಿಮ. ನನ್ನದರಲ್ಲಿ ರೈಲು, ಹೊಲ. ಮತ್ತೊಬ್ಬರು ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದರು. 1930ರದು, ಮೊದಲನೇ ಮಹಾಯುದ್ಧದ ಜರ್ಮನ್ ಸಿಪಾಯಿಗಳ ಕಥೆಯನ್ನು ಅಮೆರಿಕದವರು ತೆಗೆದದ್ದು. ಅದರಲ್ಲೂ ಹುಡುಗ ರಜೆಯ ಮೇಲೆ ತಾಯಿಯ ಹತ್ತಿರ ಬರುತ್ತಾನೆ. ಕ್ಯಾಸೆಟ್ಟು ತಂದು ನೋಡುವಾಗ ಎದೆ ಹೊಡೆದುಕೊಂಡದ್ದು ನಿಜ. ಆದರೆ ಆ ತಾಯಿ ಕಾಯಿಲೆ ಬಿದ್ದು ಹಾಸಿಗೆಯಲ್ಲಿರುತ್ತಾಳೆ. ನನ್ನ ತಾಯಿ ಓಡುತ್ತಾಳೆ.

ಆಮೇಲೆ ಸುಚಿತ್ರ ಫಿಲಂ ಸೊಸೈಟಿಗೆ ಹೋಗಿಬರಲು ಶುರುಮಾಡಿದೆ. ಅಲ್ಲಿ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ನೋಡಿದೆ. 1957ರ ರಷ್ಯನ್ ಸಿನಿಮಾ. ಗುಂಡು ತಗುಲಿದ ಸಿಪಾಯಿ ಬೀಳುವಾಗ ಮರಗಳೆಲ್ಲ ಅವನ ಕಣ್ಣಿಗೆ ಗಿರ್ರನೆ ತಿರುಗುತ್ತವೆ. ನನ್ನ ಸಿನಿಮಾ ಅದಲ್ಲ. ಆದರೆ ಆ ಮುಖಗಳು, ಆ ತಲೆವಸ್ತ್ರ, ಆ ರೈಲ್ವೆ ಸ್ಟೇಷನ್ನು ನೋಡಿ ನನ್ನದೂ ಆ ದೇಶದ್ದೇ ಎಂದು ಖಾತ್ರಿಯಾಯಿತು. 1977 ಎಂದರೆ ರಷ್ಯಾ ಕ್ರಾಂತಿಗೆ 60 ವರ್ಷ ತುಂಬಿದ ವರ್ಷ. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನಯವಾದ ಹಾಳೆಯನ್ನು ನಾವೆಲ್ಲ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದ ಕಾಲ. ಅಷ್ಟು ಹೊಳೆಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು ನೋಡಿ.

ಒಂದು ಸಂಜೆ ಸಿನಿಮಾ ಮುಗಿದ ಮೇಲೆ ಕಾಫಿ ಕುಡಿಯುತ್ತ ಒಬ್ಬ ಹಿರಿಯರ ಹತ್ತಿರ ನನ್ನ ಪುರಾಣ ಬಿಚ್ಚಿದೆ. ಅವರು ಸಾವಧಾನವಾಗಿ ಕೇಳಿ, ‘ರಷ್ಯನ್ ಸಿಪಾಯಿ ಬೆಲ್ಲ ಯಾಕ್ರೀ ಒಯ್ತಾನೆ?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಸೂರು ರಿಪೇರಿ ಮಾಡೋ ಸಿಪಾಯಿಯ ಸಿನಿಮಾ ನಾನು ನೋಡಿಲ್ಲ’ ಎಂದು ಲೋಟ ಕೆಳಗಿಟ್ಟರು. ಮಾತು ಮುಗಿಯಿತೆಂದು ನಾನು ನಗೆಚಾಟಿಕೆಗಾಗಿ ನಮ್ಮೂರ ಆಪರೇಟರ್ ರೀಲು ಉಲ್ಟಾ ಹಾಕಿದ ಕಥೆ ಹೇಳಿದೆ. ಅವರು ನಗಲಿಲ್ಲ. ‘ಎಷ್ಟು ಹೊತ್ತು ಉಲ್ಟಾ ಇತ್ತು?’ ಎಂದರು. ಕೆಲವೇ ಕ್ಷಣ ಎಂದೆ. ‘ರೀಲು ಉಲ್ಟಾ ಹಾಕಿದ್ದರೆ ಆ ರೀಲು ಪೂರ್ತಿ ಉಲ್ಟಾ ಬರಬೇಕು. ನಡುವೆ ಒಂದು ಚೂರು ಹೇಗೆ ಬರುತ್ತೆ? ಅದನ್ನು ತೆಗೆದವನೇ ಹಾಗೆ ತೆಗೆದಿದ್ದಾನೆ. ನೀವು ಹುಡುಕುತ್ತಿರೋದು ಬ್ಯಾಲಡ್ ಆಫ್ ಎ ಸೋಲ್ಜರ್.’

ಇಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ಕಥೆ ಹೇಳುವಾಗ ನಮ್ಮೂರ ಮರ್ಯಾದೆ ಕಾಪಾಡಲೆಂದು ನಾನು ಬಿಟ್ಟುಬಿಡುತ್ತಿದ್ದ ಒಂದೇ ಸಂಗತಿ ಅದು.

ಡಿವಿಡಿ ತರಿಸಿ ನೋಡಿದೆ. 1959ರ ಚಿತ್ರ, ಕಪ್ಪುಬಿಳುಪು, ಒಂದೂವರೆ ಗಂಟೆಯೂ ಇಲ್ಲ. ನಿರ್ದೇಶಕ ಗ್ರಿಗೊರಿ ಚುಖ್ರಾಯ್ ತಾವೇ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡವರು. ಸಿಪಾಯಿ ಅಲ್ಯೋಶನ ಪಾತ್ರ ಮಾಡಿದ ವ್ಲಾದಿಮಿರ್ ಇವಾಶೊವ್ ಆಗ ಇನ್ನೂ ಸಿನಿಮಾ ಶಾಲೆಯ ವಿದ್ಯಾರ್ಥಿ. ಅಲ್ಯೋಶ ಹೆದರಿಕೊಂಡೇ ಎರಡು ಟ್ಯಾಂಕುಗಳನ್ನು ಹೊಡೆದುಹಾಕುತ್ತಾನೆ. ಜನರಲ್ ಪದಕ ಕೊಡುತ್ತೇನೆಂದರೆ, ಪದಕದ ಬದಲು ಅಮ್ಮನನ್ನು ನೋಡಿಬರಲು ಬಿಡಿ, ಮನೆ ಸೋರುತ್ತಿದೆಯೆಂದು ಕಾಗದ ಬಂದಿದೆ ಎನ್ನುತ್ತಾನೆ. ಆರು ದಿನ ರಜೆ ಸಿಗುತ್ತದೆ.

ಬೆಲ್ಲದ ಅಚ್ಚು ಎಂದುಕೊಂಡಿದ್ದೆನಲ್ಲ, ಅದು ಸೋಪು. ದಾರಿಯಲ್ಲಿ ಸಿಕ್ಕಿದ ಇನ್ನೊಬ್ಬ ಸಿಪಾಯಿ, ನನ್ನ ಹೆಂಡತಿಗೆ ಕೊಡು ಎಂದು ಕಳಿಸಿದ ಎರಡು ಬಾರು ಸೋಪು. ಯುದ್ಧದ ಕಾಲ, ಸೋಪೂ ಸಿಗುತ್ತಿರಲಿಲ್ಲ. ಅಲ್ಯೋಶ ಆ ಮನೆ ಹುಡುಕಿಕೊಂಡು ಹೋದರೆ ಆಕೆ ಬೇರೊಬ್ಬನ ಜೊತೆ ಸಂಸಾರ ಹೂಡಿದ್ದಾಳೆ. ಹುಡುಗನಿಗೆ ರೇಗಿ, ಕೊಟ್ಟ ಸೋಪನ್ನು ವಾಪಸು ಕಸಿದುಕೊಂಡು, ಆ ಸಿಪಾಯಿಯ ಮುದಿ ತಂದೆಗೆ ಒಯ್ದುಕೊಡುತ್ತಾನೆ. ಒಂದು ಕಾಲು ಕಳೆದುಕೊಂಡವನೊಬ್ಬ ಹೆಂಡತಿಗೆ ಮುಖ ತೋರಿಸಲು ಅಂಜುತ್ತಾನೆ, ಅವನಿಗಾಗಿ ನಿಲ್ಲುತ್ತಾನೆ. ಹೀಗೆ ಊರವರ ಕೆಲಸವೆಲ್ಲ ಮಾಡುತ್ತ ಮಾಡುತ್ತ ರಜೆ ಕರಗಿಹೋಗುತ್ತದೆ. ಮನೆ ಮುಟ್ಟಿದಾಗ ಉಳಿದಿರುವುದು ಕೆಲವು ನಿಮಿಷ. ತಾಯಿ ಹೊಲದಿಂದ ಓಡಿಬರುತ್ತಾಳೆ. ಮಗನ ಕೆನ್ನೆ ಸವರಿ, ಗಡ್ಡ ಹೆರೆಯಲು ಶುರುಮಾಡಿದೆಯಾ ಎಂದು ಕೇಳುತ್ತಾಳೆ. ಅಷ್ಟರಲ್ಲಿ ಕಾದು ನಿಂತ ಲಾರಿಯ ಹಾರನ್ನು. ಬರ್ತೀನಿ ಎಂದು ಹೇಳಿ ಅವನು ಹೊರಟುಬಿಡುತ್ತಾನೆ.

ಸೂರು? ಸೂರು ಹಾಗೇ ಉಳಿಯುತ್ತದೆ. ಏಣಿಯೂ ಇಲ್ಲ, ಏಣಿ ಹಿಡಿದ ತಾಯಿಯೂ ಇಲ್ಲ. ಡಿವಿಡಿಯ ಕೊನೆಯ ಭಾಗವನ್ನು ಮೂರು ಸಲ ಹಾಕಿ ನೋಡಿದೆ.

ಇನ್ನೊಂದು ಪೆಟ್ಟು ಕಾದಿತ್ತು. ಚಿತ್ರ ಶುರುವಾಗುವುದೇ ಆ ತಾಯಿಯಿಂದ. ಊರ ಹೊರಗಿನ ದಾರಿಗೆ ಬಂದು ನಿಂತು ನೋಡುತ್ತಾಳೆ. ಹಿನ್ನೆಲೆಯಲ್ಲಿ ಒಬ್ಬನ ಮಾತು ಬರುತ್ತದೆ. ಆಕೆ ಯಾರಿಗೂ ಕಾಯುತ್ತಿಲ್ಲ, ಕಾಯುತ್ತಿದ್ದ ಮಗ ಯುದ್ಧದಿಂದ ಮರಳಲಿಲ್ಲ, ದೂರದ ಪರನಾಡಿನಲ್ಲಿ ಅವನನ್ನು ಮಣ್ಣು ಮಾಡಿದ್ದಾರೆ ಎಂದು. ಅಂದರೆ ಮೊದಲ ಎರಡು ನಿಮಿಷದಲ್ಲೇ ಹುಡುಗ ಸತ್ತಿದ್ದಾನೆಂದು ಹೇಳಿಬಿಡುತ್ತಾರೆ. ಉಳಿದದ್ದನ್ನೆಲ್ಲ ನಾವು ಅದು ಗೊತ್ತಿದ್ದೇ ನೋಡಬೇಕು. ಆದರೆ 1977ರಲ್ಲಿ ನಮಗೆ ಅದು ಗೊತ್ತಿರಲಿಲ್ಲ. ‘ಮತ್ತೆ ಬರ್ತಾನೆ, ಯುದ್ಧ ಮುಗಿದ ಮೇಲೆ’ ಎಂದುಕೊಂಡೇ ನಾವು ಕಂಬಳಿ ಮಡಚಿಕೊಂಡು ಮನೆಗೆ ಹೋದದ್ದು.

ನಮ್ಮ ಬ್ಯಾಚಿನ ಗೆಳೆಯನೊಬ್ಬ ಈಗಲೂ ಊರಿನಲ್ಲೇ ಇದ್ದಾನೆ, ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಆ ರಾತ್ರಿ ಮೇಷ್ಟ್ರ ಪಕ್ಕ ಬ್ಯಾಟರಿ ಹಿಡಿದುಕೊಂಡು ನಿಂತಿದ್ದವನು ಅವನೇ. ಅವನನ್ನು ಕೇಳಿದೆ. ಶುರುವಿನಲ್ಲಿ ಮೇಷ್ಟ್ರು ಏನು ಹೇಳಿದರು? ಅವನು ತಡವರಿಸಲಿಲ್ಲ. ‘ರಷ್ಯಾ ದೇಶದ ಒಬ್ಬ ತಾಯಿ, ಮಗನ ದಾರಿ ನೋಡ್ತಾ ನಿಂತವಳೆ ಅಂದ್ರು. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿದ್ರು. ಮೈಕು ಕೆಟ್ಟೋಯ್ತೇನೋ ಅಂತ ನಾನು ಅವರ ಮುಖ ನೋಡಿದೆ. ಅವರು ಮುಂದಿನ ಸಾಲು ನೋಡ್ತಿದ್ರು.’

ಮುಂದಿನ ಸಾಲಿನಲ್ಲಿ ಯಾರಿದ್ದರೆಂದು ಹಳಬರಿಗೆ ಹೇಳಬೇಕಾಗಿಲ್ಲ. ಚಿಕ್ಕವರಿಗಾಗಿ ಹೇಳುತ್ತೇನೆ. ಕೆರೆ ಏರಿಯ ಕೆಳಗೆ ಒಬ್ಬ ಹೆಂಗಸು ಇದ್ದರು. ಅವರನ್ನು ಊರೆಲ್ಲ ಮಿಲಿಟ್ರಿ ಅವ್ವ ಎನ್ನುತ್ತಿತ್ತು. ಒಬ್ಬನೇ ಮಗ, 1971ರ ಡಿಸೆಂಬರ್ ಯುದ್ಧದಲ್ಲಿ ಹೋದ. ಆಗೆಲ್ಲ ಯುದ್ಧದಲ್ಲಿ ಸತ್ತವರ ದೇಹವನ್ನು ಊರಿಗೆ ಕಳಿಸುವ ರೂಢಿ ಇರಲಿಲ್ಲ, ಅದು ಬಂದದ್ದು 1999ರ ಕಾರ್ಗಿಲ್ ಹೊತ್ತಿಗೆ. ಆಕೆಗೆ ಬಂದದ್ದು ಒಂದು ತಂತಿ, ಆಮೇಲೆ ಒಂದು ಟ್ರಂಕು. ಕಣ್ಣಲ್ಲಿ ಕಾಣದ್ದನ್ನು ಆಕೆ ನಂಬಲಿಲ್ಲ. ಸಂಜೆಯ ಬಸ್ಸು ಬರುವ ಹೊತ್ತಿಗೆ ಅರಳೀಕಟ್ಟೆಗೆ ಬಂದು ಕೂರುತ್ತಿದ್ದರು. ಆ ರಾತ್ರಿ ಆಕೆ ಮುಂದಿನ ಸಾಲಿನಲ್ಲಿ, ಮಕ್ಕಳ ನಡುವೆ ಕೂತಿದ್ದರು.

ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು, ನನ್ನ ಅನುವಾದಗಳಲ್ಲಿ ಒಂದು ಅಕ್ಷರ ತಪ್ಪಿದರೂ ಕೆಂಪು ಗೆರೆ ಎಳೆದವರು. ಅಂಥವರು ಒಂದೂರು ಜನರೆದುರು ಮೈಕಿನಲ್ಲಿ ಬರೆದದ್ದಕ್ಕೆ ನೇರ ವಿರುದ್ಧವಾಗಿ ಓದಿದರು. ಮುಂದೇನು ಹೇಳಬೇಕೆಂದು ಯೋಚಿಸಲು ಅವರಿಗೆ ಸಿಕ್ಕಿದ್ದು ಕೆಲವೇ ಗಳಿಗೆ. ನಾನಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಓದಿಬಿಡುತ್ತಿದ್ದೆ. ಈ ಬಗ್ಗೆ ಅವರನ್ನೇ ಕೇಳಬೇಕೆನ್ನುವ ಹೊತ್ತಿಗೆ ಅವರು ತೀರಿಕೊಂಡು ಬಹಳ ವರ್ಷವಾಗಿತ್ತು.

ಹಾಗಾದರೆ ಏಣಿ ಎಲ್ಲಿಂದ ಬಂತು? ಅದನ್ನೂ ಗೆಳೆಯನೇ ಬಿಡಿಸಿದ. ಸಿನಿಮಾ ಮುಗಿದು ಜನ ಏಳುವಾಗ ಮಿಲಿಟ್ರಿ ಅವ್ವ ಮೇಷ್ಟ್ರ ಹತ್ತಿರ ಬಂದರಂತೆ. ‘ಎಲ್ಲ ಸರಿ ಸಾಮಿ, ಆ ಮಗ ಸೂರು ಕಟ್ಟದೇ ಹೋಗ್ಬುಟ್ನಲ್ಲ’ ಎಂದರಂತೆ. ನೋಡಿ, ನಾವು ಓದುಬರಹ ಬಲ್ಲವರು ಯಾರೂ ಗಮನಿಸದ್ದನ್ನು ಆಕೆ ಗಮನಿಸಿದ್ದರು. ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಮೇಷ್ಟ್ರು ಶ್ರಮದಾನವೆಂದು ನಮ್ಮ ತರಗತಿಯ ಹುಡುಗರನ್ನೆಲ್ಲ ಕೆರೆ ಏರಿಯ ಕೆಳಗೆ ಕರೆದುಕೊಂಡು ಹೋದರು. ಆಕೆಯ ಮನೆಯ ನಾಡಹೆಂಚು ಕೈಯಾಡಿಸಿ, ಒಡೆದವನ್ನು ತೆಗೆದು ಹೊಸದು ಹೊದಿಸಿದೆವು. ಹಗುರವಾಗಿದ್ದೆನೆಂದು ನನ್ನನ್ನು ಮೇಲೆ ಹತ್ತಿಸಿದ್ದರು. ಕೆಳಗೆ ಏಣಿ ಹಿಡಿದು ನಿಂತಿದ್ದವರು ಮಿಲಿಟ್ರಿ ಅವ್ವ. ಸೆರಗು ಹಾರುತ್ತಿತ್ತು.

ನಮ್ಮ ಬ್ಯಾಚಿನ ಇನ್ನೊಬ್ಬ ಇದನ್ನು ಒಪ್ಪುವುದಿಲ್ಲ. ಶ್ರಮದಾನ ನಡೆದದ್ದು ಸಿನಿಮಾಕ್ಕೆ ಹಿಂದಿನ ವರ್ಷ ಎಂದು ಅವನ ವಾದ. ಊಟದ ಹೊತ್ತಿನಲ್ಲಿ ಅವರಿಬ್ಬರೂ ಅದನ್ನು ಜಗಳಾಡಿ ತೀರ್ಮಾನ ಮಾಡಿಕೊಳ್ಳಲಿ. ಮಿಲಿಟ್ರಿ ಅವ್ವ ಈಗ ಇಲ್ಲ. ಆ ಜಾಗದಲ್ಲಿ ತಾರಸಿ ಮನೆ ಎದ್ದಿದೆ.

ಸಮಿತಿಯವರು ನನ್ನ ಒಂದು ಕೋರಿಕೆ ನಡೆಸಿಕೊಟ್ಟಿದ್ದಾರೆ. ಇವತ್ತು ಸಂಜೆ ಏಳು ಗಂಟೆಗೆ ಇದೇ ಮೈದಾನದಲ್ಲಿ ಆ ಸಿನಿಮಾ ತೋರಿಸುತ್ತೇವೆ. ಅಕ್ಷರಗಳು ಈಗಲೂ ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಎರಡು ನಿಮಿಷ ಏನು ಹೇಳಬೇಕೆಂದು ಇನ್ನೂ ತೀರ್ಮಾನ ಮಾಡಿಲ್ಲ. ಊರಿನ ನಾಲ್ಕು ಮನೆಯ ಮಕ್ಕಳು ಈಗಲೂ ಗಡಿಯಲ್ಲಿದ್ದಾರೆಂದು ಬೆಳಿಗ್ಗೆ ತಾನೇ ತಿಳಿಯಿತು.

ಎಲ್ಲರೂ ಬನ್ನಿ, ಚಳಿಯಿದೆ, ಕಂಬಳಿ ತನ್ನಿ. ಟ್ಯಾಂಕು ಅಟ್ಟಿಸಿಕೊಂಡು ಬರುವಾಗ ಚಿತ್ರ ಸ್ವಲ್ಪ ಹೊತ್ತು ತಲೆಕೆಳಗಾಗುತ್ತದೆ. ದಯವಿಟ್ಟು ಯಾರೂ ಕೂಗಬೇಡಿ, ಆಪರೇಟರ್ ತಪ್ಪಲ್ಲ.